ಕರಡಕ್ಕನ ಫೋನಿನ ಪಾಠ

ಅಚ್ಚುಕೂಟದಲ್ಲಿ ಎಲ್ಲರೂ ಅವಳನ್ನು ಕರಡಕ್ಕ ಎಂದೇ ಕರೆಯುತ್ತಿದ್ದರು. ಅಚ್ಚಿಗೆ ಹೋಗುವ ಮುನ್ನ ಪ್ರತಿ ಹಾಳೆಯ ಕರಡೂ ಅವಳ ಕಣ್ಣ ಕೆಳಗೆ ಹಾದು ಬರಬೇಕಿತ್ತು. ಅದರಲ್ಲೂ ಇಂಗ್ಲಿಷಿನದಾದರೆ ಅವಳನ್ನು ಬಿಟ್ಟರೆ ಗತಿಯಿರಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರು ಆ ಹೆಸರನ್ನು ಕರಡಿಯಕ್ಕ ಎಂದು ಕೇಳಿಸಿಕೊಂಡು ಒಂದೆರಡು ದಿನ ಅವಳ ಮೇಜಿನ ಹತ್ತಿರ ಸುಳಿಯಲು ಹೆದರುತ್ತಿದ್ದರು. ಆಮೇಲೆ ನೋಡಿದರೆ ಕರಡಿಯ ಗುಣ ಒಂದೂ ಇಲ್ಲದ, ನಲವತ್ತು ದಾಟಿದ, ತೆಳ್ಳಗಿನ ಹೆಂಗಸು. ತಪ್ಪು ಕಂಡಲ್ಲಿ ಕೆಂಪು ಗೆರೆ ಎಳೆದು, ಹಾಳೆಯನ್ನು ಮುಂದಕ್ಕೆ ತಳ್ಳಿ, ಒಂದು ನಗೆ ನಕ್ಕು ಸುಮ್ಮನಾಗುತ್ತಿದ್ದಳು. ಮಾತಿಲ್ಲ.

ಮಾತಿಲ್ಲ ಎಂದರೆ ಮೂಗಿಯಲ್ಲ. ಅವಳಿಗೆ ಚಿಕ್ಕಂದಿನಿಂದ ಉಗ್ಗು. ಮಾತಿನ ಮೊದಲ ಅಕ್ಷರ ತುಟಿಯವರೆಗೆ ಬಂದು ಅಲ್ಲೇ ಕಾಲೂರಿ ನಿಂತುಬಿಡುತ್ತಿತ್ತು. ಹಿಂದಿನ ಮಾತುಗಳೆಲ್ಲ ಒಂದರ ಬೆನ್ನಿಗೊಂದು ಬಂದು ಅದಕ್ಕೆ ಡಿಕ್ಕಿ ಹೊಡೆಯುತ್ತಿದ್ದವು. ಎದುರಿಗಿದ್ದವರಲ್ಲಿ ಕೆಲವರು ನಗು ತಡೆದುಕೊಳ್ಳುತ್ತಿದ್ದರು, ಕೆಲವರು ಕರುಣೆಯಿಂದ ನೆಲ ನೋಡುತ್ತಿದ್ದರು. ಎರಡರಲ್ಲಿ ಯಾವುದು ಹೆಚ್ಚು ಚುಚ್ಚುತ್ತದೆ ಎಂದು ಕೇಳಿದರೆ ಅವಳಿಗೇ ಹೇಳಲಾಗುತ್ತಿರಲಿಲ್ಲ.

ಅಮ್ಮ ಇದಕ್ಕೆ ತನ್ನದೇ ಮದ್ದು ಕಂಡುಕೊಂಡಿದ್ದಳು. ಮಗಳು ಐದು ವರ್ಷದವಳಿದ್ದಾಗ ನೆಂಟರ ಮನೆಯಲ್ಲಿ ಯಾರೋ ಹೆಸರು ಕೇಳಿದ್ದರು. ಮಗು ಹೇಳಲಾರದೆ ಒದ್ದಾಡಿತು, ಮನೆ ತುಂಬ ಇದ್ದ ಜನ ಗೊಳ್ಳೆಂದು ನಕ್ಕರು. ಇನ್ನು ಯಾರಿಗೂ ನಗುವಷ್ಟು ಹೊತ್ತು ಕೊಡಬಾರದು ಎಂದು ಅಮ್ಮ ಆಗಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಳು. ಅಂದಿನಿಂದ ಮಗಳು ಶುರು ಮಾಡಿದ ಮಾತನ್ನೆಲ್ಲ ತಾನೇ ಮುಗಿಸತೊಡಗಿದಳು. ಎಷ್ಟೋ ಸಲ ಅದು ಸರಿಯಾಗುತ್ತಿತ್ತು, ಹೆತ್ತ ಕರುಳಲ್ಲವೇ. ತಪ್ಪಾದಾಗಲೂ ಮಗಳು ತಲೆಯಾಡಿಸಿ ಒಪ್ಪಿಕೊಳ್ಳುತ್ತಿದ್ದಳು. ಅಂಗಡಿಯಲ್ಲಿ ಅವಳು "ಸಾ…" ಎನ್ನುವಷ್ಟರಲ್ಲಿ ಅಮ್ಮ "ಸಾಸಿವೆ" ಎಂದುಬಿಡುತ್ತಿದ್ದಳು. ಹೀಗಾಗಿ ಆ ಮನೆಯಲ್ಲಿ ಸಾಸಿವೆ ಡಬ್ಬಿ ಯಾವಾಗಲೂ ತುಂಬಿ ತುಳುಕುತ್ತಿತ್ತು, ಸಾಬೂನು ಮಾತ್ರ ಸವೆದು ಚೂರಾಗಿರುತ್ತಿತ್ತು.

ಸಾಸಿವೆಯಾದರೆ ನಕ್ಕು ಮರೆಯಬಹುದು. ಆದರೆ ಒಂದು ಸಲ ಅಚ್ಚುಕೂಟಕ್ಕೆ ಕಾಗದ ತಂದುಕೊಡುತ್ತಿದ್ದ ಒಬ್ಬ ಸಾಧು ಮನುಷ್ಯ ತನ್ನ ಅಕ್ಕನನ್ನು ಕರೆದುಕೊಂಡು ಮನೆಗೆ ಬಂದಿದ್ದ. ಕರಡಕ್ಕನಿಗೆ ಆಗ ಇಪ್ಪತ್ತೆಂಟು ವರ್ಷ. ಬಂದವನು ಸುತ್ತುಬಳಸಿ ಮಾತಾಡುವವನಲ್ಲ. ನನ್ನನ್ನು ಮದುವೆಯಾಗುವುದು ನಿಮಗೆ ಇಷ್ಟವೇ ಎಂದು ನೇರವಾಗಿ ಕೇಳಿದ. ಅವಳು "ಇ… ಇ…" ಎಂದಳು. ಮುಖವೆಲ್ಲ ಕೆಂಪಾಯಿತು, ಕಣ್ಣಲ್ಲಿ ನೀರು ಬಂತು. ಅಮ್ಮ ಆ ನೀರು ನೋಡಿ ಹೆದರಿ, "ಇಲ್ಲ ಅಂತಿದಾಳೆ, ಬೇಜಾರು ಮಾಡ್ಕೋಬೇಡಿ" ಎಂದಳು. ಅವನು ಬೇಜಾರು ಮಾಡಿಕೊಳ್ಳದೆ ಎದ್ದು, ಕೈ ಮುಗಿದು, ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದ. ಅವಳ ಬಾಯಲ್ಲಿದ್ದದ್ದು ಇಷ್ಟ ಎನ್ನುವ ಮಾತು. ಅದು ಹೊರಗೆ ಬರುವ ಹೊತ್ತಿಗೆ ಅವರಿಬ್ಬರೂ ಬೀದಿಯ ತಿರುವು ದಾಟಿದ್ದರು. ಅಮ್ಮನಿಗೆ ಈ ವಿಷಯ ಅವಳು ಎಂದೂ ಹೇಳಲಿಲ್ಲ. ಅಮ್ಮನ ತಪ್ಪಾದರೂ ಏನು? ಎರಡು ಮಾತೂ ಶುರುವಾಗುವುದು ಒಂದೇ ಅಕ್ಷರದಿಂದ.

ಇಂಗ್ಲಿಷಿನಲ್ಲಿ ಅವಳು ದೊಡ್ಡ ಓದು ಓದಿದ್ದಳು. ಮೇಡಂ ಆಗಬೇಕೆಂಬ ಆಸೆ ಅವಳದು. ಓದು ಮುಗಿದ ವರ್ಷ ಒಂದು ಶಾಲೆಗೆ ಹೋಗಿ, ಪಾಠ ಮಾಡಿ ತೋರಿಸಲು ತರಗತಿಯೊಳಗೆ ನಿಂತಳು. ಮೊದಲ ಪದವೇ ಸಿಕ್ಕಿಕೊಂಡಿತು. ಮೊದಲ ಸಾಲಿನ ಒಬ್ಬ ಹುಡುಗಿ ಅವಳ ಹಾಗೆಯೇ ಉಗ್ಗಿ ತೋರಿಸಿದಳು, ಆಮೇಲೆ ಇಡೀ ತರಗತಿ ಅದನ್ನೇ ಹಾಡಿತು. ಹಿರಿಯ ಮೇಷ್ಟರು ಒಳ್ಳೆಯವರು. ಗ್ರಂಥಾಲಯದಲ್ಲಿ ಒಂದು ಕೆಲಸವಿದೆ, ನೋಡಮ್ಮ ಎಂದರು. ಅವಳು ನೋಡಲಿಲ್ಲ. ಅಚ್ಚುಕೂಟ ಸೇರಿದಳು. ಅಲ್ಲಿ ಇಂಗ್ಲಿಷ್ ಕಣ್ಣಿಗೆ ಮಾತ್ರ ಬೇಕಿತ್ತು, ಬಾಯಿಗೆ ಬೇಕಿರಲಿಲ್ಲ.

ಹೀಗೆ ವರ್ಷಗಳು ಉರುಳಿದವು. ಅಪ್ಪ ತೀರಿಕೊಂಡರು. ಎರಡು ಕೋಣೆಯ ಮನೆಯಲ್ಲಿ ತಾಯಿ ಮಗಳು ಇಬ್ಬರೇ ಉಳಿದರು.

ಊರಿನ ದೊಡ್ಡ ಹೋಟೆಲೊಂದು ತನ್ನ ಕೋಣೆಗಳ ಬಾಗಿಲಿಗೆ ತೂಗುಹಾಕುವ ಫಲಕಗಳನ್ನೂ ಬಟ್ಟೆ ಒಗೆಸುವ ಚೀಟಿಗಳನ್ನೂ ಈ ಅಚ್ಚುಕೂಟದಲ್ಲೇ ಮಾಡಿಸುತ್ತಿತ್ತು. ಹತ್ತು ಮಹಡಿಯ ಹೋಟೆಲು, ದೇಶದೇಶದವರು ಬಂದು ಉಳಿದುಕೊಳ್ಳುವಂಥದ್ದು. ಕೋಣೆಗಳ ಮೇಲ್ವಿಚಾರಣೆ ನೋಡುವ ಹೆಂಗಸು ಫೋನಿನಲ್ಲಿ ಕರಡು ತರಿಸಿಕೊಂಡು, ಸರಿಯಿದೆ ಎಂದು ಬರೆದು ಕಳಿಸುತ್ತಿದ್ದಳು. ಒಂದು ದಿನ ಅವಳು ಸಂಕೋಚಪಡುತ್ತಾ ಕರಡಕ್ಕನಿಗೆ ಒಂದು ಸಂದೇಶ ಬರೆದಳು. ಕೋಣೆ ಗುಡಿಸುವ ನಮ್ಮ ಹೆಣ್ಣುಮಕ್ಕಳಿಗೆ ಅತಿಥಿಗಳ ಹತ್ತಿರ ಮಾತಾಡಲು ಬರುವುದಿಲ್ಲ. 'ಈಗ ಕೋಣೆ ಗುಡಿಸಲೇ' ಎಂದು ಇಂಗ್ಲಿಷಿನಲ್ಲಿ ಹೇಗೆ ಕೇಳಬೇಕು? ಬರೆದರೆ ಅವರಿಗೆ ಓದಲು ಬಾರದು, ಸ್ವಲ್ಪ ಬಾಯಲ್ಲಿ ಹೇಳಿ ಕಳಿಸುತ್ತೀರಾ?

ಬಾಯಲ್ಲಿ. ಕರಡಕ್ಕ ಆ ಪದವನ್ನು ನೋಡುತ್ತಾ ಬಹಳ ಹೊತ್ತು ಕೂತಳು. ಮನೆಗೆ ಹೋದವಳು ಬಟ್ಟೆಯ ಬೀರು ತೆರೆದು, ತೂಗುಹಾಕಿದ್ದ ಬಟ್ಟೆಗಳ ನಡುವೆ ತಲೆ ತೂರಿಸಿ, ಫೋನನ್ನು ತುಟಿಯ ಹತ್ತಿರ ಹಿಡಿದು ಗುಂಡಿ ಒತ್ತಿದಳು. ಒಬ್ಬಳೇ ಇದ್ದಾಗ ಅವಳ ನಾಲಿಗೆ ಅಷ್ಟಾಗಿ ಮೊಂಡು ಹಿಡಿಯುತ್ತಿರಲಿಲ್ಲ. ಆದರೂ ಮೊದಲ ಸಲ ಸಿಕ್ಕಿಕೊಂಡಿತು. ಅಳಿಸಿದಳು. ಮತ್ತೆ ಹೇಳಿದಳು, ಮತ್ತೆ ಅಳಿಸಿದಳು. ಕೊನೆಗೆ ಒಂದು ಸಲ ಮಾತು ನೀರು ಹರಿದ ಹಾಗೆ ಹರಿದು ಬಂತು: "ಮೇ ಐ ಕ್ಲೀನ್ ದ ರೂಮ್ ನೌ?" ಅದನ್ನೇ ನಿಧಾನವಾಗಿ ಇನ್ನೊಮ್ಮೆ, ಆಮೇಲೆ ಕನ್ನಡದಲ್ಲಿ ಅರ್ಥ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಚಿಕ್ಕಂದಿನಲ್ಲಿ ಕಲಿತಿದ್ದಳು. ಈ ಪುಟ್ಟ ಯಂತ್ರದಲ್ಲಿ ಆಡಿದ ಮಾತನ್ನು ವಾಪಸು ತೆಗೆದುಕೊಂಡು, ಒಡಕು ತಿದ್ದಿ, ಮತ್ತೆ ಆಡಬಹುದಿತ್ತು. ಕರಡು ತಿದ್ದಿದ ಹಾಗೆಯೇ.

ಮೇಲ್ವಿಚಾರಕಿ ಅದನ್ನು ಎಲ್ಲರಿಗೂ ಕಳಿಸಿದಳು. ಮಾರನೆಯ ದಿನ ಇನ್ನೊಂದು ವಾಕ್ಯ ಕೇಳಿದಳು, ಅದರ ಮಾರನೆಯ ದಿನ ಮತ್ತೊಂದು. ತಿಂಗಳು ಕಳೆಯುವುದರಲ್ಲಿ ಫೋನಿನಲ್ಲಿ ಒಂದು ಗುಂಪೇ ಕಟ್ಟಿಕೊಂಡಿತು. ಕೋಣೆ ಗುಡಿಸುವ ಅಕ್ಕತಂಗಿಯರಿಬ್ಬರು, ಮುಂಬಾಗಿಲಲ್ಲಿ ನಿಂತು ಕಾರಿನ ಬಾಗಿಲು ತೆಗೆಯುವ ಬಾಗಿಲಣ್ಣ, ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವವಳು, ಬಟ್ಟೆ ಒಗೆಯುವ ಕೋಣೆಯ ಇಸ್ತ್ರಿಯಕ್ಕ. ಎಲ್ಲರೂ ಅವಳನ್ನು ಮಿಸ್ ಎಂದು ಕರೆದರು. ಆ ಸಂಬೋಧನೆಯನ್ನು ಮೊದಲ ಸಲ ಕೇಳಿದಾಗ ಕರಡಕ್ಕ ಅದನ್ನು ಮತ್ತೆ ಮತ್ತೆ ಹಾಕಿ ಕೇಳಿದಳು.

ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಅವಳು ಬೀರುವಿನೊಳಗೆ ತಲೆಯಿಟ್ಟು ಅಂದಿನ ಪಾಠ ಹೇಳಿ ಕಳಿಸುತ್ತಿದ್ದಳು. ಸಂಜೆಯ ಹೊತ್ತಿಗೆ ಅವರ ಉತ್ತರಗಳು ಬಂದು ಬೀಳುತ್ತಿದ್ದವು. ಪಾತ್ರೆ ತೊಳೆಯುವವಳ ಇಂಗ್ಲಿಷಿನ ಹಿಂದೆ ಸದಾ ನೀರು ಸುರಿಯುತ್ತಿತ್ತು. ಅಕ್ಕತಂಗಿಯರು ಒಬ್ಬರ ತಪ್ಪನ್ನು ಒಬ್ಬರು ಬೈದುಕೊಳ್ಳುತ್ತಿದ್ದುದೂ ಅದರಲ್ಲೇ ಸೇರಿ ಬರುತ್ತಿತ್ತು. ಬಾಗಿಲಣ್ಣನದು ಗುಡುಗಿನಂಥ ದನಿ. ಅವನೊಮ್ಮೆ, ಎಷ್ಟು ದಿನ ಇರುತ್ತೀರಿ ಎಂದು ಅತಿಥಿಯನ್ನು ಕೇಳಲು ಹೋಗಿ, ನೀವೆಷ್ಟು ಉದ್ದ ಎಂದು ಕೇಳಿಬಿಟ್ಟಿದ್ದನಂತೆ. ಆ ದೊರೆಯೂ ತಾನು ಆರಡಿ ಎರಡಂಗುಲ ಎಂದು ಮರ್ಯಾದೆಯಿಂದ ಉತ್ತರ ಕೊಟ್ಟಿದ್ದನಂತೆ. ಅದನ್ನು ಕೇಳಿ ಕರಡಕ್ಕ ಅಚ್ಚುಕೂಟದ ಮೂಲೆಯಲ್ಲಿ ಕೂತು ಕಣ್ಣೀರು ಬರುವಂತೆ ನಕ್ಕಳು.

ಎಲ್ಲರಿಗಿಂತ ಶ್ರದ್ಧೆಯವಳು ಇಸ್ತ್ರಿಯಕ್ಕ. ಮಿಸ್ ಹೇಳಿದ್ದನ್ನು ಅಕ್ಷರ ಬಿಡದೆ, ಏರಿಳಿತ ಬಿಡದೆ ಹೇಳುತ್ತಿದ್ದಳು. ಮಿಸ್ ನಡುವೆ ಉಸಿರೆಳೆದರೆ ಅವಳೂ ಅಲ್ಲೇ ಉಸಿರೆಳೆಯುತ್ತಿದ್ದಳು. "ನಿಮ್ಮ ದನಿ ಕೇಳ್ತಾ ಇಸ್ತ್ರಿ ಮಾಡಿದ್ರೆ ಸುಕ್ಕು ತಾನಾಗೇ ಹೋಗುತ್ತೆ ಮಿಸ್" ಎಂದು ಒಮ್ಮೆ ಹೇಳಿ ಕಳಿಸಿದ್ದಳು.

ಇವರಲ್ಲಿ ಯಾರೊಬ್ಬರೂ ಕರಡಕ್ಕನ ಮುಖ ನೋಡಿದವರಲ್ಲ. ಯಾರಾದರೂ ನೇರವಾಗಿ ಫೋನ್ ಮಾಡಿದರೆ ಅವಳು ಎತ್ತುತ್ತಿರಲಿಲ್ಲ. ಕೆಲಸದಲ್ಲಿದ್ದೆ, ಇಲ್ಲಿ ನೆಟ್‌ವರ್ಕ್ ಸರಿಯಿಲ್ಲ ಎಂದು ಆಮೇಲೆ ಬರೆದು ಕಳಿಸುತ್ತಿದ್ದಳು. ಅವರು ನಂಬುತ್ತಿದ್ದರು.

ಹೀಗಿರುವಾಗ ಹೋಟೆಲಿನಲ್ಲಿ ಒಂದು ಜಾಗ ತೆರವಾಯಿತು. ಅತಿಥಿಗಳು ಕೋಣೆಯಿಂದ ಫೋನ್ ಮಾಡಿ ನೀರು ಬೇಕು, ಹೊದಿಕೆ ಬೇಕು ಎಂದು ಕೇಳಿದಾಗ ಉತ್ತರಿಸುವ ಕೆಲಸ. ಮ್ಯಾನೇಜರು ತಾನೇ ಒಂದು ಖಾಲಿ ಕೋಣೆಯಿಂದ ಫೋನ್ ಮಾಡಿ ಇಂಗ್ಲಿಷಿನಲ್ಲಿ ಮಾತಾಡಿಸಿ ಪರೀಕ್ಷೆ ಮಾಡುತ್ತಾನಂತೆ. ಇಸ್ತ್ರಿಯಕ್ಕ ಹೆಸರು ಕೊಟ್ಟಳು. ಹದಿನಾರು ವರ್ಷ ಹಬೆಯ ನಡುವೆ ನಿಂತು ಅವಳ ಕಾಲಿನ ನರಗಳೆಲ್ಲ ಗಂಟುಗಟ್ಟಿದ್ದವು. ಸಂಜೆಗೆ ಪಾದ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಆ ಫೋನಿನ ಕೆಲಸಕ್ಕೆ ಒಂದು ಕುರ್ಚಿಯಿತ್ತು. ಅವಳಿಗೆ ಬೇಕಾದದ್ದು ಆ ಕುರ್ಚಿ.

ಅವಳು ಮಿಸ್‌ಗೆ ಹೇಳಿ ಕಳಿಸಿದಳು. ನೀವು ಕಳಿಸುವ ಪಾಠ ಬಾಯಿಪಾಠವಾಗಿದೆ, ಆದರೆ ಅದರಲ್ಲಿ ನೀವು ಕೇಳುವುದು ಏನೆಂದು ನನಗೆ ಮೊದಲೇ ಗೊತ್ತಿರುತ್ತದೆ. ಮ್ಯಾನೇಜರು ಕೇಳುವುದು ಗೊತ್ತಿರುವುದಿಲ್ಲ. ದಿನಾ ಐದು ನಿಮಿಷ ನೀವು ಫೋನಿನಲ್ಲಿ ಅತಿಥಿಯಾಗಿ ನನ್ನನ್ನು ಏನಾದರೂ ಕೇಳಿ, ನಾನು ಉತ್ತರ ಹೇಳುತ್ತೇನೆ. ಕೈ ಮುಗಿದು ಕೇಳುತ್ತೇನೆ ಮಿಸ್.

ನ್ಯಾಯವಾದ ಮಾತು. ಒಳ್ಳೆಯ ಮೇಷ್ಟರು ಯಾರೇ ಆದರೂ ಅದನ್ನೇ ಮಾಡಿಸಬೇಕಿತ್ತು. ಕರಡಕ್ಕ ಗಂಟಲು ಕೆಟ್ಟಿದೆ ಎಂದು ಬರೆದಳು. ಎರಡು ದಿನ ಬಿಟ್ಟು ಇಸ್ತ್ರಿಯಕ್ಕ ಗಂಟಲು ಹೇಗಿದೆ ಎಂದು ಕೇಳಿದಾಗ ಮನೆಗೆ ನೆಂಟರು ಬಂದಿದ್ದಾರೆ ಎಂದಳು. ನೆಂಟರು ಹೋದ ಮೇಲೆ ನೆಟ್‌ವರ್ಕ್ ಕೆಟ್ಟಿತು. ಈ ನಡುವೆ ಬೆಳಗಿನ ಪಾಠಗಳು ಮಾತ್ರ ಎಂದಿನಂತೆ ಸ್ವಚ್ಛವಾಗಿ ಹೋಗುತ್ತಲೇ ಇದ್ದವು. ಗಂಟಲು ಕೆಟ್ಟವಳ ದನಿ ಅಷ್ಟು ಸ್ಪಷ್ಟವಾಗಿರುವುದು ಹೇಗೆ ಎಂದು ಯಾರಿಗಾದರೂ ಅನ್ನಿಸದೇ ಇರುತ್ತದೆಯೇ?

ಇಸ್ತ್ರಿಯಕ್ಕನ ಉತ್ತರಗಳು ನಿಂತುಹೋದವು. ಉಳಿದವರೆಲ್ಲ ಹೇಳುತ್ತಿದ್ದರು, ಅವಳೊಬ್ಬಳು ಇಲ್ಲ. ಬಾಗಿಲಣ್ಣ ಮಿಸ್ ಒಬ್ಬಳಿಗೇ ಒಂದು ಸಂದೇಶ ಕಳಿಸಿದ. ಅವನ ಗುಡುಗು ಅಂದು ತಗ್ಗಿತ್ತು. "ತಪ್ಪು ತಿಳ್ಕೋಬೇಡಿ ಮಿಸ್. ನಾವು ಪಾತ್ರೆ ತೊಳೆಯೋರು, ಬಟ್ಟೆ ಒಗೆಯೋರು, ನಮ್ಮ ಜೊತೆ ಬಾಯಿಬಿಟ್ಟು ಮಾತಾಡೋದು ಮಿಸ್‌ಗೆ ಸರಿಬರಲ್ವೇನೋ ಅಂತ ಅವಳು ಅಳ್ತಿದ್ಲು. ನಾನು ಹಾಗೆಲ್ಲ ಇರಲ್ಲ ಅಂತ ಹೇಳಿದೀನಿ."

ಆ ರಾತ್ರಿ ಕರಡಕ್ಕನಿಗೆ ಊಟ ಸೇರಲಿಲ್ಲ. ಮಾರನೆಯ ಬೆಳಿಗ್ಗೆ ಬೀರು ತೆರೆಯಲಿಲ್ಲ. ಅಮ್ಮ ಅದನ್ನು ಗಮನಿಸಿದಳು. ಮಗಳು ಬಟ್ಟೆಗಳ ನಡುವೆ ತಲೆಯಿಟ್ಟು ಯಾರ ಜೊತೆಗೋ ಇಂಗ್ಲಿಷಿನಲ್ಲಿ ಗುಟ್ಟು ಮಾತಾಡುವುದು ಅವಳಿಗೆ ಮೊದಮೊದಲು ಭಯ ಹುಟ್ಟಿಸಿತ್ತು. ಪಾಠ ಎಂದು ತಿಳಿದ ಮೇಲೆ, ಆ ಹೊತ್ತಿನಲ್ಲಿ ಕುಕ್ಕರಿನ ಸೀಟಿ ಕೂಗಬಾರದೆಂದು ಒಲೆಯನ್ನೇ ಆರಿಸುತ್ತಿದ್ದಳು. ಈಗ ಯಾಕೆ ನಿಲ್ಲಿಸಿದೆ ಎಂದು ಕೇಳಿದಳು.

"ಹೆ… ಹೆ…" ಎಂದಳು ಮಗಳು.

"ಹೆಚ್ಚು ಕೆಲಸನಾ?" ಎಂದಳು ಅಮ್ಮ. ಅಲ್ಲ. "ಹೆಂಗಸರು ಏನಾದ್ರೂ ಅಂದ್ರಾ?" ಅದೂ ಅಲ್ಲ. ಹೆದರಿಕೆ ಎನ್ನುವ ಪದ ಅಮ್ಮನಿಗೆ ಹೊಳೆಯಲೇ ಇಲ್ಲ, ಅಥವಾ ಹೊಳೆದರೂ ಹೇಳಲು ಮನಸ್ಸು ಬರಲಿಲ್ಲ. ಮಗಳು ತಲೆಯಾಡಿಸಿ ಕೆಲಸಕ್ಕೆ ಹೋದಳು.

ರಜೆಯ ದಿನ ಮಧ್ಯಾಹ್ನ, ಊಟವಾದ ಮೇಲೆ, ಅಮ್ಮ ಚಾಪೆಯ ಮೇಲೆ ಕೂತು ಬಟಾಣಿ ಬಿಡಿಸುತ್ತಿದ್ದಳು. ಕರಡಕ್ಕ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಫೋನು ಹಿಡಿದು ಕೂತಿದ್ದಳು. ನನಗೆ ಉಗ್ಗು ಇದೆ, ಅದಕ್ಕೇ ನಿಮ್ಮ ಹತ್ತಿರ ಮಾತಾಡುತ್ತಿಲ್ಲ ಎಂದು ಬರೆದಳು. ಆ ಸಾಲನ್ನು ತಿದ್ದಿದಳು, ಅಳಿಸಿದಳು. ಬರೆದು ಕಳಿಸಿದರೆ ಇಸ್ತ್ರಿಯಕ್ಕ ಎಂದಿನಂತೆ ಇದನ್ನೂ ಬೇರೆ ಯಾರಿಂದಲೋ ಓದಿಸಿಕೊಳ್ಳಬೇಕು. ಬೀರುವಿನೊಳಗೆ ಹೋಗಿ, ಉಗ್ಗಿದೆ ಎನ್ನುವುದನ್ನೇ ಉಗ್ಗಿಲ್ಲದೆ ಹೇಳಿ ಕಳಿಸಬಹುದಿತ್ತು. ಅದು ನೆನೆದು ಅವಳಿಗೇ ನಾಚಿಕೆಯಾಯಿತು. ಇನ್ನೊಂದು ಗಳಿಗೆ ಯೋಚಿಸಿದರೆ ಧೈರ್ಯ ಸೋರಿಹೋಗುತ್ತದೆ ಎನ್ನಿಸಿ, ಕರೆ ಮಾಡಿಯೇಬಿಟ್ಟಳು.

ಆ ಕಡೆ ಹಬೆ ಬುಸ್ಸೆನ್ನುವ ಸದ್ದು. ಆಮೇಲೆ ಇಸ್ತ್ರಿಯಕ್ಕನ ದನಿ, ನಂಬಿಕೆಯಿಲ್ಲದೆ: "ಮಿಸ್?"

"ಗುಡ್ ಆ… ಆ… ಆ…"

ಸಿಕ್ಕಿಕೊಂಡಿತು. ಚಾಪೆಯ ಮೇಲೆ ಅಮ್ಮನ ಕೈ ನಿಂತಿತು. ಎಷ್ಟೋ ವರ್ಷದ ಅಭ್ಯಾಸದಂತೆ ಅಮ್ಮ ಬಾಯಿ ತೆರೆದಳು, ಮಗಳ ಮಾತನ್ನು ತಾನು ಎತ್ತಿಕೊಂಡು ದಡ ಮುಟ್ಟಿಸಲು ಮುಂದೆ ಬಾಗಿದಳು. ಆದರೆ ಏನೆಂದು ಹೇಳುವುದು? ಅದು ಇಂಗ್ಲಿಷು. ಅಮ್ಮನಿಗೆ ಬಾರದ ಭಾಷೆ. ತೆರೆದ ಬಾಯಿ ಹಾಗೆಯೇ ತೆರೆದುಕೊಂಡಿತ್ತು, ಬೆರಳ ನಡುವೆ ಬಟಾಣಿ ಸಿಪ್ಪೆ ಹಾಗೆಯೇ ಇತ್ತು. ಆ ಕಡೆ ಇದ್ದವಳಿಗೂ ಮುಂದಿನದು ಗೊತ್ತಿರಲಿಲ್ಲ, ಕಲಿಯುವವಳು ಅವಳು. ಇಬ್ಬರಿಗೂ ಕಾಯದೆ ಬೇರೆ ದಾರಿಯಿರಲಿಲ್ಲ. ಕೋಣೆಯಲ್ಲಿ ಗೋಡೆ ಗಡಿಯಾರದ ಸದ್ದು, ಫೋನಿನಲ್ಲಿ ಹಬೆಯ ಸದ್ದು. ಚಿಕ್ಕಂದಿನಲ್ಲಿ ಇಂಗ್ಲಿಷ್ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದಾಗಲೂ ಮನೆಯಲ್ಲಿ ಹೀಗೇ ಆಗುತ್ತಿತ್ತು, ಯಾರೂ ನಡುವೆ ಬರುತ್ತಿರಲಿಲ್ಲ. ಆ ಭಾಷೆಯ ಮೇಲೆ ತನಗೆ ಅಷ್ಟು ಆಸೆ ಹುಟ್ಟಿದ್ದು ಅದಕ್ಕೇ ಇರಬಹುದೇ ಎಂದು ಆ ಸಂಕಟದ ನಡುವೆಯೂ ಅವಳಿಗೆ ಅನ್ನಿಸಿತು.

"…ಆಫ್ಟರ್‌ನೂನ್" ಎಂದಳು.

ಇಸ್ತ್ರಿಯಕ್ಕ ಶಿಸ್ತಿನ ವಿದ್ಯಾರ್ಥಿನಿ. ಒಂದು ಕ್ಷಣ ತಡೆದು, ಕೇಳಿಸಿದ್ದನ್ನು ಕೇಳಿಸಿದ ಹಾಗೆಯೇ ಹೇಳಿದಳು: "ಗುಡ್ ಆ… ಆ… ಆ… ಆಫ್ಟರ್‌ನೂನ್."

ಇದೇ ಧಾಟಿಯನ್ನು ಕರಡಕ್ಕ ಹಿಂದೆ ಆ ಶಾಲೆಯ ತರಗತಿಯಲ್ಲಿ ಕೇಳಿದ್ದಳು. ಕರೆ ಮುಗಿಸಲು ಬೆರಳು ಗುಂಡಿಯ ಮೇಲೆ ಹೋಗಿತ್ತು. ಅಷ್ಟರಲ್ಲಿ ಆ ಕಡೆಯಿಂದ ಪುಕ್ಕಲು ದನಿಯೊಂದು ಕೇಳಿತು.

"ಸರಿಯಾಯ್ತಾ ಮಿಸ್? ಮೂರು ಸಲ ಆ ಅನ್ನಬೇಕಾ, ನಾಲ್ಕು ಸಲನಾ? ನಂಗೆ ಲೆಕ್ಕ ತಪ್ಪಿತು."

ಕರಡಕ್ಕನಿಗೆ ನಗು ಬಂತು. ಎಲ್ಲಿಂದ ಬಂತೋ, ಹೊಟ್ಟೆಯ ಆಳದಿಂದ ಎದ್ದು, ತಡೆಯಲು ಹೋದಷ್ಟೂ ಹೆಚ್ಚಾಯಿತು. ಅಮ್ಮ ಗಾಬರಿಯಾಗಿ ನೋಡಿದಳು. ಆ ಕಡೆ ಇಸ್ತ್ರಿಯಕ್ಕ, ನೆಟ್‌ವರ್ಕ್ ಕೆಟ್ಟಿತಾ ಮಿಸ್ ಎಂದಳು. ಹೂಂ ಎಂದರೆ ಮುಗಿಯುತ್ತಿತ್ತು, ಸಿದ್ಧವಾದ ಸುಳ್ಳು ಕೈಗೆ ಬಂದಿತ್ತು.

"ಇಲ್ಲ" ಎಂದಳು ಕರಡಕ್ಕ. "ನೆಟ್‌ವರ್ಕ್ ಸರಿಯಿದೆ. ಕೆಟ್ಟಿರೋದು ನನ್ನ ನಾ… ನಾ…"

ಇದು ಕನ್ನಡ. ಇದು ಅಮ್ಮನಿಗೆ ಗೊತ್ತಿದ್ದ ಪದ. ಅಮ್ಮನ ತುಟಿಯ ಮೇಲೆ ಅದು ಬಂದೂ ಬಂದಿತ್ತು. ಆದರೆ ಈಗಷ್ಟೇ ಕಣ್ಣಾರೆ ಕಂಡದ್ದು ಅವಳನ್ನು ತಡೆಯಿತು. ಬಟಾಣಿಯ ಹಸಿರು ಅಂಟಿದ ಕೈಯಿಂದಲೇ ತನ್ನ ಬಾಯಿ ಮುಚ್ಚಿಕೊಂಡಳು.

"…ನಾಲಿಗೆ" ಎಂದಳು ಮಗಳು. ಆಮೇಲೆ ನಿಧಾನವಾಗಿ, ನಿಂತು ನಿಂತು, ಎಲ್ಲ ಹೇಳಿದಳು. ಚಿಕ್ಕಂದಿನಿಂದ ಹೀಗೆ. ಪಾಠಗಳಲ್ಲಿ ಉಗ್ಗು ಬಂದರೆ ಅಳಿಸಿ ಮತ್ತೆ ಹೇಳುತ್ತೇನೆ. ಫೋನಿನಲ್ಲಿ ನೇರ ಮಾತಾಡಲು ಹೆದರಿಕೆ. ನಿಮ್ಮನ್ನು ಕೀಳಾಗಿ ನೋಡಿದ್ದಲ್ಲ.

ಅಷ್ಟೇನಾ ಮಿಸ್ ಎಂದಳು ಇಸ್ತ್ರಿಯಕ್ಕ. ತಾನು ಏನೇನೋ ಅಂದುಕೊಂಡು ಒಂದು ವಾರ ಎಲ್ಲರ ಮೇಲೂ ಸಿಡುಕಿದ್ದಾಗಿ, ಸಿಟ್ಟಿನಲ್ಲಿ ಯಾರದೋ ಬಿಳಿ ಅಂಗಿಯ ತೋಳು ಸುಟ್ಟದ್ದಾಗಿ ಹೇಳಿದಳು. ಆಮೇಲೆ, "ನೀವು ನಿಧಾನಕ್ಕೆ ಹೇಳಿ ಮಿಸ್. ನೀವು ನಿಂತಾಗ ನಾನೊಂದು ಕಾಲರ್ ಮುಗಿಸ್ತೀನಿ. ಇಂಗ್ಲಿಷ್‌ನಲ್ಲಿ ನಂದೇನು ಬೇರೇನಾ? ನಾನೂ ಹೆಜ್ಜೆಗೊಂದು ಸಲ ನಿಲ್ತೀನಿ" ಎಂದಳು.

ಅಂದು ಪಾಠ ಐದು ನಿಮಿಷಕ್ಕೆ ನಿಲ್ಲಲಿಲ್ಲ. ಕರಡಕ್ಕ ಅತಿಥಿಯಾದಳು, ಟವಲು ಕೇಳಿದಳು, ನಲ್ಲಿ ಸೋರುತ್ತಿದೆ ಎಂದು ದೂರು ಹೇಳಿದಳು. ಇಸ್ತ್ರಿಯಕ್ಕ ಟವಲಿಗೆ ದಿಂಬು ಕಳಿಸುತ್ತೇನೆ ಎಂದಳು, ಸೋರುವ ನಲ್ಲಿಗೆ ಬಹಳ ಸಂತೋಷ ಎಂದಳು. ಇಬ್ಬರೂ ಸಿಕ್ಕಿಕೊಂಡರು, ಇಬ್ಬರೂ ಬಿಡಿಸಿಕೊಂಡರು.

ಫೋನು ಇಟ್ಟ ಮೇಲೆ ಮಗಳು ಅಮ್ಮನ ಕಡೆ ತಿರುಗಿದಳು. ಅಮ್ಮ ಬಟಾಣಿಯ ಬುಟ್ಟಿಯನ್ನು ಸುಮ್ಮನೆ ಅಲ್ಲಾಡಿಸುತ್ತಿದ್ದಳು.

"ನಿನ್ನ ಇಂಗ್ಲಿಷ್ ನಂಗೆ ಬರಲ್ಲ, ಅದಕ್ಕೆ ಕಾದೆ" ಎಂದಳು ಕೊನೆಗೆ. "ಕಾದ್ರೆ ಬರುತ್ತೆ ಅಂತ ನಂಗೆ ಇಷ್ಟು ವರ್ಷ ಗೊತ್ತೇ ಇರ್ಲಿಲ್ಲ ಪುಟ್ಟಿ."

ಮಗಳು ಕುರ್ಚಿಯಿಂದ ಇಳಿದು ಚಾಪೆಯ ಮೇಲೆ ಅಮ್ಮನ ಪಕ್ಕ ಕೂತಳು. ಒಂದು ಹಿಡಿ ಬಟಾಣಿ ತೆಗೆದುಕೊಂಡು ತಾನೂ ಬಿಡಿಸತೊಡಗಿದಳು. ಅಮ್ಮ ತನ್ನ ಮಂಡಿಯನ್ನು ಅವಳ ಮಂಡಿಗೆ ತಾಗಿಸಿ ಕೂತಳು.

ಆಮೇಲೆ ದಿನಾ ಮಧ್ಯಾಹ್ನ ಕರೆ ಹೋಗುತ್ತಿತ್ತು. ಪರೀಕ್ಷೆಯ ದಿನ ಮ್ಯಾನೇಜರು ಖಾಲಿ ಕೋಣೆಯಿಂದ ಒಬ್ಬೊಬ್ಬರಿಗೇ ಫೋನ್ ಮಾಡಿದ. ಅವನ ಇಂಗ್ಲಿಷು ಓಟದ ಕುದುರೆ. ಇಸ್ತ್ರಿಯಕ್ಕನಿಗಿಂತ ಮೊದಲು ಕೂತ ಇಬ್ಬರು ಅರ್ಥವಾಗದೆ ಗಾಬರಿಯಿಂದ ಫೋನನ್ನೇ ಕೆಳಗಿಟ್ಟುಬಿಟ್ಟರಂತೆ. ಅವಳಿಗೂ ಮೊದಲ ಪ್ರಶ್ನೆಯ ತಲೆಬುಡ ತಿಳಿಯಲಿಲ್ಲ. ಬಾಯಿ ಕಟ್ಟಿತು. ಆದರೆ ಬಾಯಿ ಕಟ್ಟಿದ ಮೇಲೂ ಮಾತು ಇರುತ್ತದೆ ಎಂದು ಇಷ್ಟು ದಿನ ಕೇಳಿ ಕೇಳಿ ಅವಳ ಕಿವಿಗೆ ಗೊತ್ತಾಗಿತ್ತು. ಫೋನನ್ನು ಬಿಡದೆ ಹಿಡಿದುಕೊಂಡು, ಉಸಿರು ಎಳೆದುಕೊಂಡು, ದಯವಿಟ್ಟು ನಿಧಾನವಾಗಿ ಇನ್ನೊಮ್ಮೆ ಹೇಳಿ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವನು ನಿಧಾನವಾಗಿ ಹೇಳಿದ. ಎರಡನೆಯ ಸಲ ಅರ್ಥವಾಯಿತು: ಅವನಿಗೆ ಇನ್ನೊಂದು ದಿಂಬು ಬೇಕಿತ್ತು.

ಕೆಲಸ ಪೂರ್ತಿ ಅವಳದಾಗಲಿಲ್ಲ. ಲೆಕ್ಕದ ವಿಭಾಗದ, ಕಾಲೇಜು ಓದಿದ ಒಬ್ಬಳು ಪರೀಕ್ಷೆಯಲ್ಲಿ ಮೊದಲನೆಯವಳಾದಳು. ಆದರೆ ವಾರದ ಅರ್ಧದಷ್ಟು ದಿನ ಇಸ್ತ್ರಿಯಕ್ಕನೇ ಕೂರಲಿ ಎಂದು ಮ್ಯಾನೇಜರು ಹೇಳಿದ. ಉಳಿದರ್ಧ ಮತ್ತೆ ಇಸ್ತ್ರಿಯೇ. ಕುರ್ಚಿ ಸಿಕ್ಕ ಮೊದಲ ಸಂಜೆ ಅವಳು ತನ್ನ ಎರಡು ಪಾದಗಳ ಚಿತ್ರ ತೆಗೆದು ಮಿಸ್‌ಗೆ ಕಳಿಸಿದಳು. ಎರಡೂ ಚಪ್ಪಲಿಯೊಳಗಿದ್ದವು.

ಕರಡಕ್ಕ ಬೆಳಗಿನ ಪಾಠಗಳನ್ನು ಅಳಿಸುವುದು ಕಡಿಮೆ ಮಾಡಿದಳು. ಮೊದಲ ಸಲ ಉಗ್ಗಿದ ಪಾಠವನ್ನು ಹಾಗೆಯೇ ಗುಂಪಿಗೆ ಕಳಿಸಿದ ದಿನ ಅಚ್ಚುಕೂಟದಲ್ಲಿ ಅವಳಿಗೆ ಕೆಲಸವೇ ಓಡಲಿಲ್ಲ. ಸಂಜೆ ಬಾಗಿಲಣ್ಣನ ಉತ್ತರ ಬಂತು, ಹಳೆಯ ಗುಡುಗಿನಲ್ಲಿ. ಇವತ್ತಿನ ಪಾಠ ನಿಧಾನವಾಗಿತ್ತು, ಬರೆದುಕೊಳ್ಳಲು ಅನುಕೂಲವಾಯಿತು, ದಿನಾ ಹೀಗೇ ಹೇಳಿ ಎಂದಿದ್ದ. ಅಮ್ಮ ಮಾತ್ರ ಒಂದೇ ದಿನದಲ್ಲಿ ಬದಲಾದಳು ಎಂದರೆ ಸುಳ್ಳು. ಈಗಲೂ ಅಂಗಡಿಯಲ್ಲಿ ಮಗಳ ಮಾತು ಕಸಿದುಕೊಳ್ಳುತ್ತಿದ್ದಳು. ಅರ್ಧಕ್ಕೆ ನೆನಪಾಗಿ, ನುಂಗಲಾರದೆ ಉಗುಳಲಾರದೆ ಒದ್ದಾಡುತ್ತಿದ್ದಳು. ಅಂಗಡಿಯವನಿಗೆ ಈಗ ತಾಯಿಗೂ ಉಗ್ಗು ಅಂಟಿತೇನೋ ಎಂದು ಅನುಮಾನ.

ಹೋಟೆಲಿನಲ್ಲಿ ಅತಿಥಿಗಳು ಕಡಿಮೆಯಿದ್ದ ಒಂದು ಮಧ್ಯಾಹ್ನ, ಮಿಸ್ ಒಮ್ಮೆ ಬಂದು ಹೋಗಬೇಕು ಎಂದು ಗುಂಪಿನವರೆಲ್ಲ ಹಟ ಹಿಡಿದರು. ಒಬ್ಬಳೇ ಹೋಗಿ ಏನು ಮಾತಾಡ್ತೀಯ ಎಂದು ಅಮ್ಮನೂ ಹೊರಟಳು. ಹಿಂಬಾಗಿಲಿನಿಂದ ಬಟ್ಟೆ ಒಗೆಯುವ ಕೋಣೆಗೆ ಕರೆದೊಯ್ದರು. ಬಿಸಿ ಹತ್ತಿಯ ವಾಸನೆ, ಮಡಿಸಿದ ಹೊದಿಕೆಗಳ ರಾಶಿ. ಅಷ್ಟು ದಿನ ಬರೀ ದನಿಗಳಾಗಿದ್ದವರು ಈಗ ಮುಖ ಹೊತ್ತು ನಿಂತಿದ್ದರು. ಗುಡುಗಿನ ಬಾಗಿಲಣ್ಣ ಕರಡಕ್ಕನ ಭುಜಕ್ಕೂ ಬಾರದಷ್ಟು ಕುಳ್ಳ. ಪಾತ್ರೆ ತೊಳೆಯುವವಳು ನೀರಿನ ಸದ್ದಿಲ್ಲದೆ ಏನು ಮಾತಾಡಬೇಕೆಂದು ತಿಳಿಯದೆ ನಾಚುತ್ತಿದ್ದಳು. ಇಸ್ತ್ರಿಯಕ್ಕ, ಅಗಲ ಮುಖದ ಗಟ್ಟಿ ಹೆಂಗಸು, ಮಿಸ್‌ನ ಎರಡೂ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಇಸ್ತ್ರಿ ಹಿಡಿದು ಹಿಡಿದು ಅವಳ ಅಂಗೈ ಬೆಚ್ಚಗಿತ್ತು.

ಪಾಠ ಮಾಡಿ ಮಿಸ್ ಎಂದರು. ಬಟ್ಟೆಯ ಗಂಟುಗಳ ಮೇಲೆ, ತಿರುಗಿಸಿಟ್ಟ ಬಕೆಟ್ಟುಗಳ ಮೇಲೆ ಎಲ್ಲರೂ ಕೂತರು. ಕರಡಕ್ಕ ಇಸ್ತ್ರಿ ಮೇಜಿನ ಹಿಂದೆ ನಿಂತಳು. ಆದರೆ ಅಮ್ಮನೂ ಇಸ್ತ್ರಿಯಕ್ಕನೂ ಅಷ್ಟು ಹೊತ್ತಿಗಾಗಲೇ ಕಾಲುನೋವಿನ ವಿಷಯ ಎತ್ತಿಕೊಂಡಿದ್ದರು. ಯಾವ ಎಣ್ಣೆ ಹಚ್ಚಬೇಕು, ಎಷ್ಟು ಹೊತ್ತು ಕಾಲು ಮೇಲಕ್ಕಿಟ್ಟು ಮಲಗಬೇಕು ಎಂದು ಅಮ್ಮನ ವಿವರಣೆ ಮುಗಿಯುವ ಹಾಗಿರಲಿಲ್ಲ. ಅಕ್ಕತಂಗಿಯರು ನಡುವೆ ತಮ್ಮ ಸೊಂಟನೋವನ್ನೂ ಸೇರಿಸಿದರು. ಮಿಸ್ ಮೇಜಿನ ಮೇಲೆ ಬೆರಳಿಂದ ತಟ್ಟಿದಳು.

"ಸೈಲೆನ್ಸ್" ಎಂದಳು. "ಪ್… ಪ್…"

ಮೊದಲ ಪದಕ್ಕೇ ಎಲ್ಲರೂ ಬಾಯಿ ಮುಚ್ಚಿದ್ದರು, ಅಮ್ಮನೂ ಸೇರಿ. ಕೋಣೆ ಪೂರ್ತಿ ಸದ್ದಡಗಿತ್ತು. ಇನ್ನು ಆ ಎರಡನೆಯ ಪದದ ಅಗತ್ಯವೇ ಇರಲಿಲ್ಲ. ಆದರೂ ಅವಳು ಅದನ್ನು ಕೈಬಿಡಲಿಲ್ಲ, ಅವರೂ ಅವಸರ ಮಾಡಲಿಲ್ಲ.

"…ಪ್ಲೀಸ್" ಎಂದಳು ಕರಡಕ್ಕ, ಮತ್ತು ಪಾಠ ಶುರು ಮಾಡಿದಳು.